ಕೊಡಲಿ ಮತ್ತು ಕಡಿಯುವ ಕೈ: ಕ್ರಿ.ಪೂ. 701ರ ಯೆರೂಸಲೇಮ್ ಮುತ್ತಿಗೆಯ ಕಥನಗಳಲ್ಲಿ ಮಾನುಷ ಅಧಿಕಾರದ ಎಲ್ಲೆ

1. ಪೀಠಿಕೆ

ಅರಸನ ಶಕ್ತಿಗೆ ಎಲ್ಲೆಯುಂಟೇ, ಉಂಟಾದರೆ ಆ ಎಲ್ಲೆಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆಯನ್ನು ಅನೇಕ ಪ್ರಾಚೀನ ಸಮಾಜಗಳು ತಮ್ಮ ಕಥನಗಳ ಮೂಲಕ ಕೇಳಿಕೊಂಡಿವೆ. ಹೀಬ್ರೂ ಧರ್ಮಗ್ರಂಥದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಆಕಾಶ ಮುಟ್ಟುವ ಗೋಪುರ ಕಟ್ಟಲು ಹೊರಟ ಬಾಬೆಲಿನ ಜನ, ಬಿಡುಗಡೆಯ ಮಾತನ್ನು ಮತ್ತೆ ಮತ್ತೆ ಹಿಂತೆಗೆದುಕೊಂಡ ಐಗುಪ್ತದ ಫರೋಹ, ತನ್ನ ನಗರದ ವೈಭವವನ್ನು ತಾನೇ ಹೊಗಳಿಕೊಂಡು ಕಡೆಗೆ ದನದಂತೆ ಹುಲ್ಲು ಮೇಯ್ದ ನೆಬೂಕದ್ನೆಚ್ಚರ ಇವರೆಲ್ಲ ಒಂದೇ ಬಗೆಯ ಪಾತ್ರಗಳು. ಸ್ಟಿತ್ ಥಾಂಪ್ಸನ್ ಅವರ ಜಾನಪದ ಆಶಯ ಸೂಚಿಯಲ್ಲಿ ‘ಗರ್ವಭಂಗ’ದ ಆಶಯಗಳು ‘ಎಲ್’ ವಿಭಾಗದ 400ರಿಂದ 499ರವರೆಗಿನ ಸಂಖ್ಯೆಗಳಲ್ಲಿ ಬರುತ್ತವೆ. ಮೇಲಿನ ಕಥೆಗಳನ್ನು ಅಲ್ಲಿ ಸೇರಿಸುವುದು ಕಷ್ಟವಲ್ಲ.

ಆದರೆ ಆಶಯವನ್ನು ಗುರುತಿಸಿದ ಮಾತ್ರಕ್ಕೆ ಕಥನದ ಅರ್ಥ ತಿಳಿದಂತಾಗುವುದಿಲ್ಲ. ಅದನ್ನು ಯಾರು ಹೇಳಿದರು, ಯಾರ ಎದುರು ಹೇಳಿದರು, ಏನನ್ನು ಉಳಿಸಿಕೊಂಡರು, ಏನನ್ನು ಕೈಬಿಟ್ಟರು, ಮುಂದಿನ ತಲೆಮಾರು ಅದನ್ನು ಯಾವುದಕ್ಕೆ ಬಳಸಿತು ಎಂಬ ಪ್ರಶ್ನೆಗಳು ಜಾನಪದ ಅಧ್ಯಯನಕ್ಕೆ ಮುಖ್ಯವಾದವು. ಈ ಪ್ರಶ್ನೆಗಳನ್ನು ಸಾಧಾರವಾಗಿ ಕೇಳಲು ಅವಕಾಶ ನೀಡುವ ಪ್ರಸಂಗವೆಂದರೆ ಅಶ್ಶೂರದ (ಅಸ್ಸೀರಿಯಾ) ಅರಸ ಸನ್ಹೇರೀಬನು ಕ್ರಿ.ಪೂ. 701ರಲ್ಲಿ ಯೆಹೂದ ರಾಜ್ಯದ ಮೇಲೆ ನಡೆಸಿದ ದಂಡಯಾತ್ರೆ. ಇಲ್ಲಿ ಗೆದ್ದವನ ಶಾಸನವೂ ಇದೆ, ಉಳಿದುಕೊಂಡವರ ಕಥನವೂ ಇದೆ, ದೂರದ ಗ್ರೀಕ್ ಲೇಖಕನೊಬ್ಬ ಕೇಳಿ ಬರೆದ ಐತಿಹ್ಯವೂ ಇದೆ.

ಸನ್ಹೇರೀಬನ ಕಥೆಯನ್ನು ಶತ್ರುವಿನ ಗರ್ವಭಂಗದ ಕಥೆಯೆಂದಷ್ಟೇ ಓದುವುದು ವಾಡಿಕೆ. ಹೀಬ್ರೂ ಗ್ರಂಥದ ಬೇರೆ ಬೇರೆ ಭಾಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಎಳೆಯುವ ಎಲ್ಲೆ ಶತ್ರುವಿನ ಅರಸನಿಗೆ ಮಾತ್ರ ಸೀಮಿತವಲ್ಲ. ತನ್ನ ಅರಸನಿಗೂ, ತನ್ನ ನಗರಕ್ಕೂ, ಕೊನೆಗೆ ಆ ಬಿಡುಗಡೆಯ ಕಥೆಯನ್ನೇ ಬಂಡವಾಳ ಮಾಡಿಕೊಂಡವರಿಗೂ ಅದು ಅನ್ವಯಿಸುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಗೆದ್ದವನ ದಾಖಲೆ

ಸನ್ಹೇರೀಬನ ತಂದೆ ಎರಡನೆಯ ಸರ್ಗೋನನು ಕ್ರಿ.ಪೂ. 705ರಲ್ಲಿ ರಣರಂಗದಲ್ಲಿ ಮಡಿದನು. ಆ ಸುದ್ದಿ ಹರಡುತ್ತಿದ್ದಂತೆ ಸಾಮ್ರಾಜ್ಯದ ಅಂಚಿನ ಸಾಮಂತರು ಕಪ್ಪ ಕೊಡುವುದನ್ನು ನಿಲ್ಲಿಸಿದರು. ಅವರಲ್ಲಿ ಯೆಹೂದದ ಅರಸ ಹಿಜ್ಕೀಯನೂ ಒಬ್ಬ. ಉತ್ತರದ ನೆರೆರಾಜ್ಯದ ರಾಜಧಾನಿ ಸಮಾರ್ಯವು ಸುಮಾರು ಇಪ್ಪತ್ತು ವರ್ಷಗಳ ಹಿಂದೆಯಷ್ಟೇ ಅಶ್ಶೂರದ ವಶವಾಗಿದ್ದುದನ್ನು ಕಂಡಿದ್ದ ಜನಕ್ಕೆ ಇದರ ಅಪಾಯ ತಿಳಿಯದ ವಿಷಯವಾಗಿರಲಿಲ್ಲ.

ದಂಡಯಾತ್ರೆಯ ಅಶ್ಶೂರದ ವೃತ್ತಾಂತವು ಕ್ರಿ.ಪೂ. 700ರ ಕಾಲದ ರಸ್ಸಾಮ್ ಸ್ತಂಭಾಕೃತಿಯಲ್ಲಿಯೂ, 1830ರಲ್ಲಿ ನಿನೆವೆಯಲ್ಲಿ ದೊರೆತು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಟೇಲರ್ ಪಟ್ಟಕದಲ್ಲಿಯೂ ಉಳಿದುಬಂದಿದೆ. ಅದರ ಪ್ರಕಾರ ಹಿಜ್ಕೀಯನ 46 ಕೋಟೆಯೂರುಗಳು ವಶವಾದವು. 2,00,150 ಮಂದಿ ಸೆರೆಯಾದರು. ಹಿಜ್ಕೀಯನು ಪಂಜರದ ಹಕ್ಕಿಯಂತೆ ತನ್ನ ರಾಜಧಾನಿಯಲ್ಲಿಯೇ ಸಿಕ್ಕಿಬಿದ್ದನು. 30 ತಲಾಂತು ಚಿನ್ನ, 800 ತಲಾಂತು ಬೆಳ್ಳಿ, ತನ್ನ ಹೆಣ್ಣುಮಕ್ಕಳು ಮತ್ತು ಅರಮನೆಯ ಗಾಯಕರನ್ನೂ ನಿನೆವೆಗೆ ಕಳುಹಿಸಿದನು. ಸೆರೆಯಾದವರ ಸಂಖ್ಯೆಯಲ್ಲಿ ರಾಜಶಾಸನದ ಉತ್ಪ್ರೇಕ್ಷೆ ಇರಬಹುದಾದರೂ ವಿನಾಶದ ಪ್ರಮಾಣವನ್ನು ಉತ್ಖನನಗಳು ಸಮರ್ಥಿಸುತ್ತವೆ. ಲಾಕೀಷ್ ಪಟ್ಟಣದ ನೆಲೆಯಲ್ಲಿ ಮುತ್ತಿಗೆಗಾಗಿ ಅಶ್ಶೂರರು ಕಲ್ಲುಗಳಿಂದ ಕಟ್ಟಿದ ಇಳಿಜಾರು ದಿಬ್ಬ ಇಂದಿಗೂ ಕಾಣಸಿಗುತ್ತದೆ. ಅದೇ ಮುತ್ತಿಗೆಯ ದೃಶ್ಯವನ್ನು ನಿನೆವೆಯ ಅರಮನೆಯ ಗೋಡೆಗಳ ಮೇಲೆ ಕೆತ್ತಲಾಗಿದೆ: ಬಾಣ ಬಿಡುವ ಸೈನಿಕರು, ಗಂಟುಮೂಟೆ ಹೊತ್ತು ಹೊರಡುವ ಕುಟುಂಬಗಳು, ಸಿಂಹಾಸನದಲ್ಲಿ ಕುಳಿತು ಕೊಳ್ಳೆಯನ್ನು ವೀಕ್ಷಿಸುವ ಅರಸ. ಆ ಅರಸನ ಮುಖವನ್ನು ಪ್ರಾಚೀನ ಕಾಲದಲ್ಲಿಯೇ ಯಾರೋ ಉದ್ದೇಶಪೂರ್ವಕವಾಗಿ ಕೆಡಿಸಿದ್ದಾರೆ.

ಈ ದಾಖಲೆಯಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಯೆರೂಸಲೇಮನ್ನು ಹಿಡಿದೆನೆಂದು ಸನ್ಹೇರೀಬನು ಎಲ್ಲಿಯೂ ಹೇಳುವುದಿಲ್ಲ. ಎರಡು, ಅಶ್ಶೂರದ ಅರಸರೂ ದೈವಭಕ್ತರೇ. ತಮ್ಮ ವಿಜಯಗಳನ್ನು ಅವರು ಅಶ್ಶೂರ ದೇವನ ಬಲಕ್ಕೆ ಸಲ್ಲಿಸುತ್ತಾರೆ. ಆದ್ದರಿಂದ ಇದನ್ನು ನಾಸ್ತಿಕ ಅರಸನಿಗೂ ಆಸ್ತಿಕ ಅರಸನಿಗೂ ನಡೆದ ಹೋರಾಟವೆಂದು ತಿಳಿಯುವುದು ಸರಿಯಲ್ಲ. ವ್ಯತ್ಯಾಸವಿರುವುದು ದೇವರ ಸ್ಥಾನದಲ್ಲಿ. ರಾಜಶಾಸನದ ದೇವರು ಅರಸನ ತೋಳನ್ನು ಉದ್ದ ಮಾಡುತ್ತಾನೆ. ಆ ತೋಳು ಎಲ್ಲಿ ನಿಲ್ಲಬೇಕೆಂದು ಹೇಳುವ ದೇವರು ಆ ಶಾಸನದಲ್ಲಿ ಮಾತನಾಡುವುದಿಲ್ಲ.

3. ಕೋಟೆಗೋಡೆಯ ಮುಂದಿನ ಮಾತು

ಹೀಬ್ರೂ ಕಥನದ (2 ಅರಸುಗಳು 18–19) ಹೆಚ್ಚಿನ ಭಾಗವನ್ನು ಯುದ್ಧಕ್ಕಿಂತ ಮಾತು ಆಕ್ರಮಿಸಿಕೊಂಡಿದೆ. ಲಾಕೀಷಿನಿಂದ ಬಂದ ಅಶ್ಶೂರದ ಅಧಿಕಾರಿ ರಬ್ಷಾಕೆಯು ಅಗಸರ ಹೊಲದ ಹಾದಿಯಲ್ಲಿ, ಮೇಲಣ ಕೆರೆಯ ಕಾಲುವೆಯ ಬಳಿ ನಿಂತು ಸವಾಲೆಸೆಯುತ್ತಾನೆ. ಜಾನಪದ ವಿದ್ಯಾರ್ಥಿಗೆ ಇಲ್ಲಿ ಕುತೂಹಲಕಾರಿಯಾದುದು ಭಾಷೆಯ ಆಯ್ಕೆ. ಹಿಜ್ಕೀಯನ ಅಧಿಕಾರಿಗಳು ತಮ್ಮೊಡನೆ ರಾಜತಂತ್ರದ ಭಾಷೆಯಾದ ಅರಾಮಿಕ್‌ನಲ್ಲಿ ಮಾತನಾಡಬೇಕೆಂದು ಬೇಡಿಕೊಳ್ಳುತ್ತಾರೆ. ಗೋಡೆಯ ಮೇಲೆ ಕುಳಿತ ಜನರ ಕಿವಿಗೆ ಅದು ಬೀಳಬಾರದೆಂಬುದು ಅವರ ಆತಂಕ. ರಬ್ಷಾಕೆಯಾದರೋ ಬೇಕೆಂದೇ ಜನರ ಆಡುಭಾಷೆಯಲ್ಲಿ ದನಿಯೇರಿಸುತ್ತಾನೆ. ಹಸಿವು ಬಾಯಾರಿಕೆಗಳಿಂದ ಸಾಯಬೇಕಾದವರು ಇವರೇ ಅಲ್ಲವೇ ಎಂಬುದು ಅವನ ವಾದ. ಕ್ರೂರವಾದರೂ ಅದು ಸುಳ್ಳಲ್ಲ. ಅರಮನೆಯ ನಿರ್ಧಾರದ ಬೆಲೆ ತೆರುವವರು ಗೋಡೆಯ ಮೇಲಿನವರೆಂಬ ಸತ್ಯವನ್ನು ಶತ್ರುವಿನ ಬಾಯಿಂದ ಹೇಳಿಸಲು ಕಥನಕಾರನು ಹಿಂಜರಿದಿಲ್ಲ.

ಭಾಷಣದಲ್ಲಿ ಎರಡು ಪದಗಳು ಪುನರಾವರ್ತನೆಯಾಗುತ್ತವೆ. ಒಂದು ‘ಭರವಸೆ ಇಡು’ ಎಂಬ ಅರ್ಥದ ಕ್ರಿಯಾಪದ. ಮುರಿದ ಜೊಂಡಿನಂತಿರುವ ಐಗುಪ್ತವನ್ನು ನಂಬುವಿರಾ, ಮಾತನ್ನು ನಂಬುವಿರಾ, ಯೆಹೋವನನ್ನು ನಂಬುವಿರಾ ಎಂದು ಅವನು ಒಂದೊಂದೇ ಆಸರೆಯನ್ನು ಕಿತ್ತು ಹಾಕುತ್ತ ಹೋಗುತ್ತಾನೆ. ಇನ್ನೊಂದು ‘ಕೈ’ ಎಂಬ ಅರ್ಥದ ‘ಯಾದ್’. ಕನ್ನಡದ ‘ಕೈಕೆಳಗೆ’, ‘ಕೈಮೀರಿದ’ ಮೊದಲಾದ ಪ್ರಯೋಗಗಳಲ್ಲಿರುವಂತೆ ಹೀಬ್ರೂವಿನಲ್ಲಿಯೂ ಈ ಪದ ಅಂಗವನ್ನೂ ಅಧಿಕಾರವನ್ನೂ ಒಟ್ಟಿಗೆ ಸೂಚಿಸುತ್ತದೆ. ಯಾವ ಜನಾಂಗದ ದೇವರೂ ತನ್ನ ಜನರನ್ನು ಅಶ್ಶೂರದ ಅರಸನ ಕೈಯಿಂದ ಬಿಡಿಸಲಿಲ್ಲವೆಂಬುದು ರಬ್ಷಾಕೆಯ ಮಾತಿನ ಪಲ್ಲವಿ. ಹಿಜ್ಕೀಯನ ಪ್ರಾರ್ಥನೆ ಇದಕ್ಕೆ ಉತ್ತರವಾಗಿದೆ. ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿರುವುದು ನಿಜವೆಂದು ಅವನು ಮೊದಲು ಒಪ್ಪಿಕೊಳ್ಳುತ್ತಾನೆ. ಬಳಿಕ ಆ ‘ಕೈ’ಯಿಂದ ಬಿಡಿಸೆಂದು ಬೇಡುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಂಶವಿದೆ. ತನ್ನನ್ನು ಕಳುಹಿಸಿದವನು ಯೆಹೋವನೇ ಎಂದು ರಬ್ಷಾಕೆ ಹೇಳಿಕೊಳ್ಳುತ್ತಾನೆ (18:25). ಕಥನಕಾರನು ಇದನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಪ್ರವಾದಿ ಯೆಶಾಯನ ಮಾತಿನತ್ತ ಗಮನ ಹರಿಸಬೇಕಾಗುತ್ತದೆ.

4. ಕೊಡಲಿಯ ಉಪಮೆ ಮತ್ತು ನೀರಿನ ಸುರಂಗ

ಯೆಶಾಯನ ಗ್ರಂಥದ ಹತ್ತನೆಯ ಅಧ್ಯಾಯವು ಅಶ್ಶೂರವನ್ನು ದೇವರ ಕೈಯಲ್ಲಿರುವ ದಂಡಕೋಲೆಂದು ಕರೆಯುತ್ತದೆ. ಅಂದರೆ ಶತ್ರುವಿನ ಮಾತೂ ಪ್ರವಾದಿಯ ಮಾತೂ ಒಂದು ಹಂತದವರೆಗೆ ಒಂದೇ. ಬೇರೆಯಾಗುವುದು ಅನಂತರ. ದಂಡಿಸಲು ಕಳುಹಿಸಲ್ಪಟ್ಟವನು ತಾನು ಉಪಕರಣವೆಂಬುದನ್ನು ಮರೆತು, ಹಕ್ಕಿಗೂಡಿನ ಮೊಟ್ಟೆಗಳನ್ನು ಬಾಚಿಕೊಳ್ಳುವಂತೆ ಲೋಕವನ್ನೆಲ್ಲ ಬಾಚಿಕೊಂಡೆನೆಂದು ಕೊಚ್ಚಿಕೊಳ್ಳುತ್ತಾನೆ. ಆಗ ಪ್ರವಾದಿಯು, ಕಡಿಯುವವನ ಎದುರು ಕೊಡಲಿ ಜಂಬ ಕೊಚ್ಚಿಕೊಂಡೀತೇ ಎಂದು ಕೇಳುತ್ತಾನೆ. ಈ ಉಪಮೆ ಬಂದಿರುವುದು ಕಾಡು ಕಡಿಯುವವರ, ಮರ ಕೊಯ್ಯುವವರ ಲೋಕದಿಂದ. ಮಹಾಸಾಮ್ರಾಟನನ್ನು ಅಳೆಯಲು ಅಷ್ಟು ಸಾಕು. ಈ ದೃಷ್ಟಿಯಲ್ಲಿ ಮಾನುಷ ಅಧಿಕಾರವು ಮಿಥ್ಯೆಯಲ್ಲ. ಕೊಡಲಿ ನಿಜವಾಗಿಯೂ ಕಡಿಯುತ್ತದೆ. ಆದರೆ ಅದು ಸ್ವಂತದ್ದಲ್ಲ.

ಇದೇ ಅಳತೆಗೋಲು ಹಿಜ್ಕೀಯನಿಗೂ ಅನ್ವಯಿಸಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ. ಮುತ್ತಿಗೆಗೆ ಸಿದ್ಧನಾಗಿ ಅವನು ನಗರಕ್ಕೆ ನೀರು ತಂದುದನ್ನು ಅರಸುಗಳ ಗ್ರಂಥ (2 ಅರಸುಗಳು 20:20) ಸಾಧನೆಯಾಗಿ ದಾಖಲಿಸುತ್ತದೆ. ಗೀಹೋನ್ ಬುಗ್ಗೆಯಿಂದ ಸಿಲೋವ ಕೊಳದವರೆಗೆ ಬಂಡೆಯಲ್ಲಿ ಕೊರೆದ ಸುಮಾರು 533 ಮೀಟರ್ ಉದ್ದದ ಸುರಂಗವೇ ಇದೆಂದು ಬಹುಪಾಲು ವಿದ್ವಾಂಸರು ಒಪ್ಪಿದ್ದಾರೆ. ಆದರೆ ಯೆಶಾಯನ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಇಂಥ ಸಿದ್ಧತೆಗಳ ಪಟ್ಟಿಯೇ ಆಕ್ಷೇಪಣೆಯಾಗಿ ಬರುತ್ತದೆ: ಕೊಳದ ನೀರು ಕೂಡಿಸಿದಿರಿ, ಮನೆಗಳನ್ನು ಎಣಿಸಿ ಕೆಡವಿ ಗೋಡೆ ಬಲಪಡಿಸಿದಿರಿ, ಆದರೆ ಇದನ್ನೆಲ್ಲ ಉಂಟುಮಾಡಿದವನ ಕಡೆ ನೋಡಲಿಲ್ಲ ಎಂಬುದು ಅದರ ತಾತ್ಪರ್ಯ. ಐಗುಪ್ತದ ಕುದುರೆಗಳನ್ನು ನೆಚ್ಚಿದವರಿಗೂ, ಐಗುಪ್ತ್ಯರು ಮನುಷ್ಯರೇ ಹೊರತು ದೇವರಲ್ಲವೆಂಬ ಎಚ್ಚರಿಕೆ (31:3) ಅದೇ ಗ್ರಂಥದಲ್ಲಿದೆ. ಒಂದೇ ಕಾರ್ಯವು ಒಂದು ಪಠ್ಯದಲ್ಲಿ ಕೀರ್ತಿಯಾಗಿಯೂ ಇನ್ನೊಂದರಲ್ಲಿ ಮರೆವಾಗಿಯೂ ಕಾಣುವುದು ಈ ಗ್ರಂಥಸಮೂಹದ ವಿಶೇಷ.

ಸುರಂಗದ ಒಳಗೋಡೆಯ ಮೇಲೆ 1880ರಲ್ಲಿ ದೊರೆತ ಶಾಸನವು ಇಲ್ಲಿ ಉಲ್ಲೇಖಾರ್ಹ. ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿರುವ ಆರು ಸಾಲುಗಳ ಈ ಬರಹ, ಎರಡು ತುದಿಗಳಿಂದ ಅಗೆಯುತ್ತ ಬಂದ ಕೆಲಸಗಾರರು ಬಂಡೆಯ ಆಚೆಯಿಂದ ಒಬ್ಬರನ್ನೊಬ್ಬರು ಕೂಗುವ ದನಿ ಕೇಳಿಸಿಕೊಂಡುದನ್ನೂ, ಕೊನೆಗೆ ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿದುದನ್ನೂ ವರ್ಣಿಸುತ್ತದೆ. ಉಳಿದಿರುವ ಪಾಠದಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಅರಸುಗಳ ಗ್ರಂಥವು ಸುರಂಗವನ್ನು ಹಿಜ್ಕೀಯನ ಲೆಕ್ಕಕ್ಕೆ ಬರೆದಿದೆ. ಯೆಶಾಯನು ನೀರಿನ ಒಡೆತನವನ್ನು ದೇವರಿಗೆ ಬರೆದಿದ್ದಾನೆ. ಅಗೆದವರು ಮಾತ್ರ ತಮ್ಮ ಕೂಗನ್ನು ಬಂಡೆಯ ಮೇಲೆ ಉಳಿಸಿದ್ದಾರೆ. ಅಧಿಕಾರದ ಎಲ್ಲೆಯನ್ನು ಕುರಿತ ಚರ್ಚೆಯಲ್ಲಿ ಈ ಮೂರನೆಯ ದನಿಯನ್ನು ಮರೆಯಲಾಗದು.

5. ಕಥನದ ಪಾಠಾಂತರಗಳು

ಬಿಡುಗಡೆಯ ಕಥೆ ಹೀಬ್ರೂ ಗ್ರಂಥದಲ್ಲಿ ಮೂರು ಕಡೆ ಬರುತ್ತದೆ: 2 ಅರಸುಗಳು 18–19, ಯೆಶಾಯ 36–37 ಮತ್ತು 2 ಪೂರ್ವಕಾಲವೃತ್ತಾಂತ 32. ಇವುಗಳ ವ್ಯತ್ಯಾಸಗಳು ಆಕಸ್ಮಿಕವಲ್ಲ. ಅರಸುಗಳ ಗ್ರಂಥದಲ್ಲಿ ಮಾತ್ರ ಮೂರು ವಚನಗಳ ಒಂದು ಸಂಕ್ಷಿಪ್ತ ವರದಿ ಇದೆ (18:14–16). ಅದರಂತೆ ಹಿಜ್ಕೀಯನು ತಪ್ಪೊಪ್ಪಿಕೊಂಡು 300 ತಲಾಂತು ಬೆಳ್ಳಿ, 30 ತಲಾಂತು ಚಿನ್ನ ತೆರಲು ಒಪ್ಪುತ್ತಾನೆ. ಅದಕ್ಕಾಗಿ ದೇವಾಲಯದ ಬಾಗಿಲುಗಳಿಗೆ ತಾನೇ ಹೊದಿಸಿದ್ದ ಚಿನ್ನದ ತಗಡನ್ನು ಕಿತ್ತುಕೊಡುತ್ತಾನೆ. ಚಿನ್ನದ ಮೊತ್ತವು ಅಶ್ಶೂರದ ದಾಖಲೆಯೊಡನೆ ಸರಿಹೊಂದುವುದು ಗಮನಿಸತಕ್ಕದ್ದು. 1886ರಲ್ಲಿ ಜರ್ಮನ್ ವಿದ್ವಾಂಸ ಬರ್ನ್‌ಹಾರ್ಡ್ ಸ್ಟಾಡೆ ಈ ವರದಿಯನ್ನು ಮುಂದಿನ ದೀರ್ಘ ಕಥನದಿಂದ ಬೇರ್ಪಡಿಸಿ, ಆ ದೀರ್ಘ ಕಥನದಲ್ಲಿಯೂ ಎರಡು ಎಳೆಗಳು ಹೆಣೆದುಕೊಂಡಿವೆಯೆಂದು ತೋರಿಸಿದರು. ಒಂದರಲ್ಲಿ ಅರಸನು ಸುದ್ದಿಯೊಂದನ್ನು ಕೇಳಿ ಹಿಂದಿರುಗುತ್ತಾನೆ; ಇನ್ನೊಂದರಲ್ಲಿ ಯೆಹೋವನ ದೂತನು ಒಂದೇ ರಾತ್ರಿಯಲ್ಲಿ 1,85,000 ಮಂದಿಯನ್ನು ಹತಮಾಡುತ್ತಾನೆ.

ಯೆಶಾಯನ ಗ್ರಂಥದ ಪಾಠದಲ್ಲಿ ಕಪ್ಪದ ಪ್ರಸ್ತಾಪವೇ ಇಲ್ಲ. ಪೂರ್ವಕಾಲವೃತ್ತಾಂತದಲ್ಲಿಯೂ ಅದು ಮಾಯವಾಗಿದೆ. ಕಥೆ ಮರುನಿರೂಪಣೆಗೊಂಡಂತೆ ಅವಮಾನ ಕಳಚಿಕೊಳ್ಳುವುದು, ಬಿಡುಗಡೆ ಇಡಿಯಾಗುವುದು ಮೌಖಿಕ ಪರಂಪರೆಯನ್ನು ಬಲ್ಲವರಿಗೆ ಪರಿಚಿತವಾದ ಕ್ರಿಯೆ. ಹಾಗಿದ್ದರೂ ಅರಸುಗಳ ಗ್ರಂಥದ ಸಂಪಾದಕರು ಆ ಮೂರು ವಚನಗಳನ್ನು ತೆಗೆದುಹಾಕಲಿಲ್ಲ. ಜೊತೆಗೆ ಅವರು ಬಾಬೆಲಿನ ರಾಯಭಾರಿಗಳಿಗೆ ಹಿಜ್ಕೀಯನು ತನ್ನ ಭಂಡಾರವನ್ನೆಲ್ಲ ತೋರಿಸಿದ ಪ್ರಸಂಗವನ್ನು ಬಿಡುಗಡೆಯ ಕಥೆಯ ನಂತರ ಇರಿಸಿದರು. ಕಾಲಕ್ರಮದಲ್ಲಿ ಅದು ಮುತ್ತಿಗೆಗಿಂತ ಮೊದಲೇ ನಡೆದಿರಬೇಕು. ಭಂಡಾರ ಬರಿದಾದ ಮೇಲೆ ತೋರಿಸುವುದಕ್ಕೇನಿದೆ? ನಂತರ ಇಟ್ಟುದರ ಪರಿಣಾಮವೆಂದರೆ, ಗೆದ್ದ ಭಾವದಲ್ಲಿರುವ ಅರಸನಿಗೆ ಈ ಐಶ್ವರ್ಯವೆಲ್ಲ ಒಂದು ದಿನ ಬಾಬೆಲಿಗೆ ಹೋಗುವುದೆಂಬ ಪ್ರವಾದಿಯ ಮಾತು ತಾಗುತ್ತದೆ. ತನ್ನ ಕಾಲದಲ್ಲಿ ಶಾಂತಿ ಇದ್ದರೆ ಸಾಕೆಂಬ ಭಾವದ ಹಿಜ್ಕೀಯನ ಉತ್ತರದೊಂದಿಗೆ ಆ ಪ್ರಸಂಗ ಮುಗಿಯುತ್ತದೆ.

ಹೆರೊಡೊಟಸನು ಕ್ರಿ.ಪೂ. ಐದನೆಯ ಶತಮಾನದಲ್ಲಿ ಐಗುಪ್ತದಲ್ಲಿ ಕೇಳಿ ಬರೆದ ಐತಿಹ್ಯ (2:141) ಇನ್ನೊಂದು ಬಗೆಯದು. ಅಲ್ಲಿ ಸನ್ಹೇರೀಬನನ್ನು ಎದುರಿಸುವವನು ಸೆಥೋಸ್ ಎಂಬ ಪುರೋಹಿತ ಅರಸ. ಯೋಧರು ಅವನ ಕೈಬಿಟ್ಟಿದ್ದಾರೆ. ಗುಡಿಯಲ್ಲಿ ಅತ್ತು ಮಲಗಿದ ಅವನಿಗೆ ದೇವರು ಕನಸಿನಲ್ಲಿ ಧೈರ್ಯ ಹೇಳುತ್ತಾನೆ; ಬಳಿಕ ಒಂದು ರಾತ್ರಿ ಹೊಲದಿಲಿಗಳು ಶತ್ರುಗಳ ಬತ್ತಳಿಕೆ, ಬಿಲ್ಲಿನ ಹೆದೆ, ಗುರಾಣಿಯ ಹಿಡಿಗಳನ್ನು ಕಡಿದು ಹಾಕುತ್ತವೆ. ಗುಡಿಯಲ್ಲಿ ಅಳುವ ಅರಸ, ಒಂದು ರಾತ್ರಿಯ ಅದ್ಭುತ, ಹಿಮ್ಮೆಟ್ಟುವ ಸೇನೆ ಎಂಬ ಚೌಕಟ್ಟು ಎರಡರಲ್ಲಿಯೂ ಸಮಾನ. ಇಲಿಗಳನ್ನು ಪ್ಲೇಗಿನ ಸಂಕೇತವೆಂದು ವ್ಯಾಖ್ಯಾನಿಸಿ ಎರಡನ್ನೂ ಒಂದೇ ಘಟನೆಯ ನೆನಪಾಗಿಸುವ ಪ್ರಯತ್ನಗಳು ನಡೆದಿವೆ. ಐತಿಹ್ಯವನ್ನು ವೈದ್ಯಕೀಯ ವರದಿಯಾಗಿ ಓದುವುದಕ್ಕಿಂತ ಅದರ ತರ್ಕವನ್ನು ಗ್ರಹಿಸುವುದು ಹೆಚ್ಚು ಫಲಕಾರಿ. ಅತಿ ದೊಡ್ಡದನ್ನು ಅತಿ ಚಿಕ್ಕದು ಸೋಲಿಸುವುದು ಐಗುಪ್ತದ ಕಥೆಯ ತರ್ಕ. ಹೀಬ್ರೂ ಕಥೆಯಲ್ಲಿ ಇಲಿಗೂ ಎಡೆಯಿಲ್ಲ. ಮನುಷ್ಯನ ಯಾವ ಜಾಣ್ಮೆಗೂ, ಯಾವ ಪ್ರಾಣಿಯ ನೆರವಿಗೂ ಶ್ರೇಯಸ್ಸು ಸಲ್ಲದಂತೆ ಅದು ನೋಡಿಕೊಂಡಿದೆ.

ಕಥೆಯ ಮುಕ್ತಾಯವೂ ಅರ್ಥಪೂರ್ಣ. ನಿನೆವೆಗೆ ಹಿಂದಿರುಗಿದ ಸನ್ಹೇರೀಬನು ತನ್ನ ದೇವರ ಗುಡಿಯಲ್ಲಿ ಆರಾಧಿಸುತ್ತಿರುವಾಗ ಮಕ್ಕಳಿಂದಲೇ ಹತನಾಗುತ್ತಾನೆ. ಅವನ ಕೊಲೆ ನಡೆದುದು ಕ್ರಿ.ಪೂ. 681ರಲ್ಲಿ, ಅಂದರೆ ಮುತ್ತಿಗೆಯ ಇಪ್ಪತ್ತು ವರ್ಷಗಳ ನಂತರ. ಬಾಬೆಲಿನ ವೃತ್ತಾಂತವೂ ಮಗನಿಂದ ಕೊಲೆಯಾದುದನ್ನು ಹೇಳುತ್ತದೆ. ಕಥನವು ಇಪ್ಪತ್ತು ವರ್ಷಗಳನ್ನು ಒಂದೇ ಉಸಿರಿನಲ್ಲಿ ದಾಟಿ ಇಬ್ಬರು ಅರಸರನ್ನು ಎರಡು ಗುಡಿಗಳಲ್ಲಿ ಎದುರುಬದುರಾಗಿ ನಿಲ್ಲಿಸಿದೆ.

6. ಉಳಿದವರು ಮತ್ತು ಉಳಿಯದವರು

ಬಿಡುಗಡೆ ಯಾರದು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗುತ್ತದೆ. ಯೆರೂಸಲೇಮ್ ಉಳಿಯಿತು, ನಿಜ. ಆದರೆ ಬಯಲಸೀಮೆಯ ಊರುಗಳು ಉಳಿಯಲಿಲ್ಲ. ಆ ಸೀಮೆಯ ಮೋರೆಷೆತಿನವನಾದ ಮೀಕನ ಗ್ರಂಥದ ಮೊದಲ ಅಧ್ಯಾಯದಲ್ಲಿ ಊರೂರುಗಳ ಹೆಸರೆತ್ತಿ ಅಳುವ ಶೋಕಗೀತವೊಂದಿದೆ. ಒಂದೊಂದು ಊರಿನ ಹೆಸರಿನಲ್ಲಿಯೇ ಅದರ ದುರ್ಗತಿಯನ್ನು ಕೇಳಿಸುವ ಶ್ಲೇಷೆ ಅದರ ರೀತಿ. ಹೆಸರಿನಲ್ಲಿ ‘ಧೂಳು’ ಎಂಬ ಧ್ವನಿಯುಳ್ಳ ಊರಿಗೆ ಧೂಳಿನಲ್ಲಿ ಹೊರಳಾಡೆಂದು ಹೇಳುತ್ತದೆ. ಲಾಕೀಷಿನ ಹೆಸರೂ ಅಲ್ಲಿದೆ. ಅನೇಕ ವಿದ್ವಾಂಸರು ಇದನ್ನು ಸನ್ಹೇರೀಬನ ದಂಡಯಾತ್ರೆಗೆ ಸಂಬಂಧಿಸುತ್ತಾರೆ. ರಾಜಧಾನಿಯಲ್ಲಿ ಬಿಡುಗಡೆಯ ಕಥೆ ಬೆಳೆಯಿತು. ಹಳ್ಳಿಗಾಡಿನಿಂದ ಬಂದುದು ಶೋಕಗೀತ. ಎರಡನ್ನೂ ಒಂದೇ ಧರ್ಮಗ್ರಂಥ ಕಾಪಾಡಿದೆ. ಇಷ್ಟೇ ಅಲ್ಲದೆ, ಹಿಜ್ಕೀಯನ ಮಗ ಮನಸ್ಸೆಯ ಹೆಸರು ಮುಂದಿನ ಅಶ್ಶೂರ ಅರಸ ಎಸರ್ಹದ್ದೋನನ ಶಾಸನದಲ್ಲಿ, ಅರಮನೆಗೆ ಕಟ್ಟಡ ಸಾಮಗ್ರಿ ಒದಗಿಸಿದ ಸಾಮಂತರ ಸಾಲಿನಲ್ಲಿ ಕಾಣಿಸುತ್ತದೆ. ನಗರ ಉಳಿದರೂ ನೊಗ ಕಳಚಲಿಲ್ಲ.

ಹಾಗಿದ್ದರೂ ಯೆಹೋವನ ಆಲಯವಿರುವ ನಗರ ಎಂದಿಗೂ ಬೀಳದೆಂಬ ನಂಬಿಕೆ ಬೇರೂರಿತು. ಶತ್ರುವಿನ ಶಕ್ತಿಗೆ ಎಲ್ಲೆಯುಂಟೆಂದು ಹೇಳುತ್ತಿದ್ದ ಕಥೆ ತಮ್ಮ ಭದ್ರತೆಗೆ ಎಲ್ಲೆಯಿಲ್ಲವೆಂಬ ವಾದವಾಗಿ ತಿರುಗಿತು. ಸುಮಾರು ಕ್ರಿ.ಪೂ. 609ರಲ್ಲಿ, ಯೆಹೋಯಾಕೀಮನ ಆಳಿಕೆಯ ಆರಂಭದಲ್ಲಿ, ಪ್ರವಾದಿ ಯೆರೆಮೀಯನು ದೇವಾಲಯದ ಬಾಗಿಲಲ್ಲಿ ನಿಂತು ಇದನ್ನು ಖಂಡಿಸಿದನು (ಯೆರೆಮೀಯ 7, 26). ಆಲಯದ ಹೆಸರನ್ನು ಮಂತ್ರದಂತೆ ಜಪಿಸಿದರೆ ರಕ್ಷಣೆಯಿಲ್ಲ. ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತಿದ್ದರೆ ಹಿಂದೆ ಶೀಲೋವಿನ ಗುಡಿಗೆ ಆದ ಗತಿಯೇ ಇದಕ್ಕೂ ಆಗುವುದು ಎಂಬುದು ಅವನ ಮಾತಿನ ಸಾರ. ಅವನ ಮೇಲೆ ಮರಣದಂಡನೆಯ ಆರೋಪ ಬಂದಿತು. ಆಗ ದೇಶದ ಕೆಲವು ಹಿರಿಯರು ಎದ್ದು ಒಂದು ಪೂರ್ವನಿದರ್ಶನವನ್ನು ಸ್ಮರಿಸಿದರು: ಹಿಜ್ಕೀಯನ ಕಾಲದಲ್ಲಿ ಮೀಕನೂ ಚೀಯೋನ್ ಉತ್ತ ಹೊಲವಾಗುವುದೆಂದು ನುಡಿದಿದ್ದನು, ಹಿಜ್ಕೀಯನು ಅವನನ್ನು ಕೊಲ್ಲಲಿಲ್ಲ, ದೇವರಿಗೆ ಅಂಜಿದನು, ಆದ್ದರಿಂದ ಆ ಕೇಡು ತಪ್ಪಿತು.

ಸ್ಮೃತಿಯ ಇತಿಹಾಸದಲ್ಲಿ ಇದು ಬಹುಮುಖ್ಯವಾದ ಕ್ಷಣ. ಒಂದು ಶತಮಾನದ ಹಿಂದಿನ ಬಿಡುಗಡೆಯ ಬಗ್ಗೆ ಇಲ್ಲಿ ಎರಡು ನೆನಪುಗಳು ಎದುರಾಗಿವೆ. ನಗರ ಅಭೇದ್ಯವಾದ್ದರಿಂದ ಉಳಿಯಿತೆಂಬುದು ಒಂದು. ಕಠೋರವಾದ ಮಾತನ್ನು ಅರಸನು ಕೇಳಿಸಿಕೊಂಡದ್ದರಿಂದ ಉಳಿಯಿತೆಂಬುದು ಇನ್ನೊಂದು. ಹಿರಿಯರ ಈ ನೆನಪು ಒಬ್ಬ ಮನುಷ್ಯನ ಪ್ರಾಣ ಉಳಿಸಲು ನೆರವಾಯಿತು. ಅದೇ ಅಧ್ಯಾಯದಲ್ಲಿ, ಇಂಥದೇ ಮಾತಾಡಿ ಐಗುಪ್ತಕ್ಕೆ ಓಡಿಹೋದ ಊರೀಯನೆಂಬ ಪ್ರವಾದಿಯನ್ನು ಹಿಡಿದು ತರಿಸಿ ಅರಸನು ಕೊಲ್ಲಿಸಿದ ವಿವರವೂ ಇದೆ. ಯಾವ ನೆನಪು ಗೆಲ್ಲುತ್ತದೆಂಬುದು ಜೀವನ್ಮರಣದ ಪ್ರಶ್ನೆಯಾಗಿತ್ತು.

ಬಾಬೆಲಿನ ಸೇನೆ ನಗರವನ್ನು ಮುತ್ತಿದಾಗ ಕೊನೆಯ ಅರಸ ಚಿದ್ಕೀಯನು ಯೆರೆಮೀಯನ ಬಳಿಗೆ ದೂತರನ್ನು ಕಳುಹಿಸಿ, ಯೆಹೋವನು ಹಿಂದಿನ ಅದ್ಭುತಗಳಂತೆ ಈಗಲೂ ಶತ್ರುವನ್ನು ಹಿಂದಿರುಗಿಸಬಹುದೇ ಎಂದು ಕೇಳಿಸಿದನು (ಯೆರೆಮೀಯ 21). ಅವನ ಮನಸ್ಸಿನಲ್ಲಿ ಸನ್ಹೇರೀಬನ ಕಥೆ ಇದ್ದಿತೆಂದು ಊಹಿಸುವುದು ತಪ್ಪಾಗಲಾರದು. ಪ್ರವಾದಿಯ ಉತ್ತರವು ಆ ಕಥೆಯನ್ನು ತಲೆಕೆಳಗು ಮಾಡುತ್ತದೆ: ಈ ಸಲ ಯೆಹೋವನೇ ಚಾಚಿದ ಕೈಯಿಂದ ಈ ನಗರದ ವಿರುದ್ಧ ಯುದ್ಧ ಮಾಡುವನು. ಐಗುಪ್ತದ ಬಿಡುಗಡೆಯನ್ನು ವರ್ಣಿಸಲು ಬಳಸುತ್ತಿದ್ದ ‘ಚಾಚಿದ ಕೈ’ಯ ಪದಪುಂಜವೇ ಇಲ್ಲಿ ತಿರುಗಿ ಬಿದ್ದಿದೆ. ಕ್ರಿ.ಪೂ. 586ರಲ್ಲಿ ಗೋಡೆ ಒಡೆಯಿತು; ದೇವಾಲಯ ಸುಟ್ಟುಹೋಯಿತು.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮಾನುಷ ಅಧಿಕಾರದ ಎಲ್ಲೆಯೆಂಬುದು ಹೀಬ್ರೂ ಗ್ರಂಥದಲ್ಲಿ ಅಮೂರ್ತ ಸಿದ್ಧಾಂತವಾಗಿ ಬಂದಿಲ್ಲ. ಸವಾಲು, ಪ್ರಾರ್ಥನೆ, ಉಪಮೆ, ಶೋಕಗೀತ, ವಿಚಾರಣೆಯ ಸಾಕ್ಷ್ಯ ಎಂಬ ಮಾತಿನ ಪ್ರಕಾರಗಳ ಮೂಲಕ ಬಂದಿದೆ. ಆ ಎಲ್ಲೆಯ ಒಂದು ಬದಿಯಲ್ಲಿ ಶತ್ರು, ಇನ್ನೊಂದು ಬದಿಯಲ್ಲಿ ತಾವು ಎಂಬ ವಿಭಜನೆ ಕಡೆಯವರೆಗೆ ನಿಲ್ಲುವುದಿಲ್ಲ. ಯೆಹೋವನು ತಮ್ಮ ನಗರವನ್ನು ಕಾಯಲೇಬೇಕೆಂದು ನಂಬಿದಾಗ ಯೆರೂಸಲೇಮಿನವರು ಅವನಿಗೆ ಕೊಟ್ಟುದು ಸನ್ಹೇರೀಬನು ತನ್ನ ಅಶ್ಶೂರ ದೇವನಿಗೆ ಕೊಟ್ಟಿದ್ದ ಸ್ಥಾನವನ್ನೇ. ಪ್ರವಾದಿಗಳ ವಿರೋಧವಿದ್ದುದು ಈ ಕ್ರಮಕ್ಕೆ.

ಈ ಗ್ರಂಥವನ್ನು ಅಂತಿಮವಾಗಿ ರೂಪಿಸಿದವರು ಸೋತವರು. ನಗರ ಸುಟ್ಟುಹೋದ ಮೇಲೆ ಅವರು ಸನ್ಹೇರೀಬನ ಕಥೆಯನ್ನು ಸುಳ್ಳೆಂದು ಬಿಟ್ಟುಬಿಡಬಹುದಾಗಿತ್ತು; ಇಲ್ಲವೇ ಕಿತ್ತುಕೊಟ್ಟ ಚಿನ್ನದ ತಗಡಿನ ಅವಮಾನವನ್ನು ಮುಚ್ಚಿ ಹಳೆಯ ವೈಭವವನ್ನು ಮಾತ್ರ ಹಾಡಬಹುದಾಗಿತ್ತು. ಅರಸುಗಳ ಗ್ರಂಥದಲ್ಲಿ ಅವರು ಎರಡನ್ನೂ ಮಾಡಲಿಲ್ಲ. 1,85,000 ಮಂದಿ ಸತ್ತ ರಾತ್ರಿಯನ್ನೂ ದೇವಾಲಯ ಉರಿದ ದಿನವನ್ನೂ ಒಂದೇ ಗ್ರಂಥದೊಳಗೆ, ಕೇವಲ ಆರು ಅಧ್ಯಾಯಗಳ ಅಂತರದಲ್ಲಿ ಇರಿಸಿದರು. ಕೊಡಲಿಯ ಉಪಮೆ ಅಶ್ಶೂರದವನನ್ನು ಕುರಿತು ಹುಟ್ಟಿದ್ದು. ಅದನ್ನು ತಮಗೂ ಅನ್ವಯಿಸಿಕೊಂಡು ಓದಲು ಬೇಕಾದ ಸಾಮಗ್ರಿಯನ್ನೆಲ್ಲ ಅವರು ಮುಂದಿನವರಿಗೆ ಬಿಟ್ಟುಹೋಗಿದ್ದಾರೆ.